ಎಸ್‌ಎಸ್‌ಡಿ ಇದ್ದೂ ಪಿಸಿ ಆನ್ ಆಗಲು 70 ಸೆಕೆಂಡ್

ಬದಿಯಡ್ಕ_ಪಿಸಿ:
ಹೊಸದಾಗಿ ಜೋಡಿಸಿದ ಪಿಸಿ. ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಹಳೆ ಪಿಸಿಯ ಹಾರ್ಡ್ ಡಿಸ್ಕ್ ಕೂಡ ಸಿಕ್ಕಿಸಿ ಉಂಟು. ಬಟನ್ ಒತ್ತಿದ ಮೇಲೆ ಮುಕ್ಕಾಲು ನಿಮಿಷ ಸ್ಕ್ರೀನ್ ಕಪ್ಪು. ವಿಂಡೋಸ್ 11 ಪುನಃ ಹಾಕಿದರೂ ಅಷ್ಟೇ. ಎಸ್‌ಎಸ್‌ಡಿ ಬದಲಿಸಬೇಕಾ?

ಕುಂಬ್ಳೆ_ಬೋರ್ಡ್:
ಬೇಡ ಮಾರಾಯ್ರೆ, ದುಡ್ಡು ದಂಡ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ‘ಲಾಸ್ಟ್ ಬಯಾಸ್ ಟೈಮ್’ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್ ಆದ ಬಯಾಸ್ ಹಿಡಿದ ಸಮಯ) ನೋಡಿ. ಅದೇ 40 ಸೆಕೆಂಡ್ ದಾಟಿದ್ದರೆ, ಆ ಹೊತ್ತಿನಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ನಿಮ್ಮ ಬಿ650ಯಂಥ ಎಎಂ5 ಬೋರ್ಡ್ ಪ್ರತಿ ಸಲವೂ ರ‍್ಯಾಮ್ ಟ್ರೈನಿಂಗ್ (ಆನ್ ಆಗುವಾಗ ಸ್ಟಿಕ್‌ಗಳಿಗೆ ಒಗ್ಗುವ ಸೆಟ್ಟಿಂಗ್ ಹುಡುಕುವುದು) ಮಾಡುತ್ತಿರಬೇಕು. ಬೋರ್ಡಿನ ‘ಡಿರ‍್ಯಾಮ್’ ಲೈಟ್ ಅಷ್ಟು ಹೊತ್ತೂ ಉರಿದರೆ ಸಂಶಯ ಬೇಡ.

ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅಪ್‌ಡೇಟ್ ಆದ ಮೇಲೆ ಕೇಳಬಹುದು. ಈ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಮಾತ್ರ ಕೈಹಾಕಬೇಡಿ; ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತು. ಆಮೇಲೆ ಬಯಾಸ್ ಒಳಗೆ ಎಕ್ಸ್‌ಪೋ (ಸ್ಟಿಕ್‌ಗಳನ್ನು 6000 ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ಡಿಡಿಆರ್ ಸೆಟ್ಟಿಂಗ್ ಒಳಗೆ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ (ಹಿಂದಿನ ಟ್ರೈನಿಂಗ್ ಫಲವನ್ನೇ ಮತ್ತೆ ಬಳಸುವುದು), ‘ಪವರ್ ಡೌನ್ ಎನೇಬಲ್’ ಎರಡನ್ನೂ ಹಾಕಿ. ಮೊದಲನೆಯದನ್ನು ಮಾತ್ರ ಹಾಕಿದರೆ ಕೆಲವು ಬೋರ್ಡಿನಲ್ಲಿ ನೀಲಿ ಸ್ಕ್ರೀನ್ ಬರುತ್ತದೆ. ಸೇವ್ ಮಾಡಿದ ಮೇಲಿನ ಮೊದಲ ಬೂಟ್ ಕೆಲವು ನಿಮಿಷ ಹಿಡಿಯಬಹುದು, ಗಾಬರಿಯಿಂದ ಆಫ್ ಮಾಡಬೇಡಿ. ಕೊನೆಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ಸುತ್ತು ಓಡಿಸಿ.

ಉಪ್ಪಳ_ಡಿಸ್ಕ್:
ಪಿಸಿ ಆಫ್ ಮಾಡಿ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಕಳಚಿ ನೋಡಿ. ಸೆಕ್ಟರ್ ಕೆಟ್ಟ ಡಿಸ್ಕ್ ಉತ್ತರ ಕೊಡುವವರೆಗೂ ಬಯಾಸ್ ಕಾಯುತ್ತದೆ.

ಬದಿಯಡ್ಕ_ಪಿಸಿ:
ಕುಂಬ್ಳೆಯವರು ಹೇಳಿದ ಸೆಟ್ಟಿಂಗ್ ಹಾಕಿದ ಮೇಲೆ ಬಯಾಸ್ ಟೈಮ್ 46 ಇದ್ದದ್ದು 17ಕ್ಕೆ ಇಳಿಯಿತು! ಆದರೆ ಹಾರ್ಡ್ ಡಿಸ್ಕ್ ಕಳಚಿದರೆ ವಿಂಡೋಸ್ ಬರುವುದೇ ಇಲ್ಲ.

ಉಪ್ಪಳ_ಡಿಸ್ಕ್:
ಹಾಗಾದರೆ ಬೂಟ್ ಫೈಲುಗಳು ಹಳೆ ಡಿಸ್ಕಿನಲ್ಲೇ ಕೂತಿವೆ. ಅದು ಸಿಕ್ಕಿಸಿದ್ದಾಗಲೇ ವಿಂಡೋಸ್ ಹಾಕಿದರೆ, ಅದರಲ್ಲಿ ಮೊದಲೇ ಇದ್ದ ಇಎಫ್‌ಐ ಭಾಗವನ್ನೇ (ಬೂಟ್ ಫೈಲುಗಳ ಜಾಗ) ಇನ್‌ಸ್ಟಾಲರ್ ಬಳಸಿಬಿಡುತ್ತದೆ. ಆ ಡಿಸ್ಕ್ ಸತ್ತ ದಿನ ಪಿಸಿಯೂ ನಿಲ್ಲುತ್ತದೆ, ಬೇಗ ಸರಿಮಾಡಿ.

ಡೇಟಾ ಬ್ಯಾಕಪ್ ತೆಗೆದು, ಹಾರ್ಡ್ ಡಿಸ್ಕ್ ಮರಳಿ ಸಿಕ್ಕಿಸಿ ಬೂಟ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು 300 ಎಂಬಿ ಶ್ರಿಂಕ್ ಮಾಡಿ. ಡಿಸ್ಕ್‌ಪಾರ್ಟ್ ಕಮಾಂಡಿನಲ್ಲಿ ಎನ್‌ವಿಎಂಇಯನ್ನೇ ಆರಿಸಿ (ಸೈಜ್ ಎರಡು ಸಲ ನೋಡಿ), ಆ ಜಾಗದಲ್ಲಿ ಇಎಫ್‌ಐ ಪಾರ್ಟಿಶನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಸ್ ಅಕ್ಷರ ಕೊಡಿ. ಬಿಸಿಡಿಬೂಟ್ ಕಮಾಂಡಿನಿಂದ ಸಿಯ ವಿಂಡೋಸ್ ಫೋಲ್ಡರಿನ ಬೂಟ್ ಫೈಲುಗಳನ್ನು ಎಸ್‌ಗೆ ಬರೆಸಿ. ಬಯಾಸ್‌ನಲ್ಲಿ ಎನ್‌ವಿಎಂಇಯ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿಗೆ ಬರಲಿ. ಹಾರ್ಡ್ ಡಿಸ್ಕ್ ಕಳಚಿಯೂ ಬೂಟ್ ಆಗುವವರೆಗೆ ಹಳೆ ಇಎಫ್‌ಐ ಭಾಗವನ್ನು ಅಳಿಸಬೇಡಿ.