ಪೊಟೆನ್ಶಿಯಲ್ 65 ಇದ್ದ ಹುಡುಗ 50ಕ್ಕ ಇಳದಾನ, ಕೊಟ್ಟ ಬಿಡ್ಲೋ ಇಟ್ಕೊಳ್ಲೋ?

ಗುಮ್ಮಟ_ಶಾರ್ಟ್‌ಸ್ಟಾಪ್ (ವಿಜಯಪುರ)

ನಮಸ್ಕಾರ್ರೀ ಎಲ್ಲಾರಿಗೂ. ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನೋ, ಟೀಮ್ ನಡಸೋ ಕಂಪ್ಯೂಟರ್ ಗೇಮ್ ಆಡಾಕ ಹತ್ತಿ ಎರಡ ವರ್ಷ ಆತು, ನಾ ಕ್ರಿಕೆಟ್ ನೋಡ್ಕೊಂತ ಬೆಳದವ, ಬೇಸ್‌ಬಾಲ್ ಏನಿದ್ರೂ ಈ ಗೇಮ್‌ನಿಂದನ ಕಲ್ತದ್ದು. ಈಗ ಒಬ್ಬ ಹುಡುಗನ ಸಲುವಾಗಿ ತಲಿ ಕೆಟ್ಟೈತಿ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್), 18 ವರ್ಷದವ ಇದ್ದಾಗ ಡ್ರಾಫ್ಟ್‌ನ (ಹೊಸಾ ಹುಡುಗೋರನ್ನ ಟೀಮ್‌ಗೋಳು ಸರದಿ ಮ್ಯಾಲ ಆರಸೋದು) ಎರಡನೇ ರೌಂಡ್‌ನ್ಯಾಗ ತಗೊಂಡಿದ್ದೆ, ಆವಾಗ ನಮ್ಮ ಸ್ಕೌಟ್ (ಆಟಗಾರರನ್ನ ಅಳಿಯೋವ) ಪೊಟೆನ್ಶಿಯಲ್, ಅಂದ್ರ ಮುಂದ ಎಷ್ಟ ಬೆಳೀಬಹುದು ಅನ್ನೂದು, 20ರಿಂದ 80ರ ಲೆಕ್ಕದಾಗ 65 ಅಂತ ಬರದಿದ್ದ. ಮೇಜರ್ ಲೀಗ್‌ನ ಕೆಳಗ ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಅಂತ ಏರೋ ಮೆಟ್ಟಿಲ ಅದಾವ; ಸಿಂಗಲ್ ಎ ಒಳಗ ಭಾಳ ಚಲೋ ಆಡಿದ, ಹೈ ಎ ಒಳಗೂ ಅಡ್ಡಿ ಇರಲಿಲ್ಲ, ಅದಕ್ಕ ಈ ವರ್ಷ ಡಬಲ್ ಎಗೆ ಕಳಿಸೀನಿ, ವಯಸ್ಸ 20. ಜುಲೈ ಬಂತು, ಬ್ಯಾಟಿಂಗ್ ಸರಾಸರಿ (ಹಿಟ್‌ನ್ನ ಅಟ್ ಬ್ಯಾಟ್‌ನಿಂದ ಭಾಗಿಸಿದ್ದು) .221 ಐತಿ, ಅದರ ಮ್ಯಾಲ ನಿನ್ನೆ ಬಂದ ರಿಪೋರ್ಟ್‌ನ್ಯಾಗ ಪೊಟೆನ್ಶಿಯಲ್ 50 ಆಗೇತಿ. ನಾವು ಪ್ಲೇಆಫ್‌ಗೆ ಮೂರ ಗೇಮ್ ಹಿಂದ ಅದೀವಿ, ಇನ್ನೊಂದ ಟೀಮ್‌ನವ್ರು ಈ ಹುಡುಗನ್ನ ಕೊಟ್ರ 31 ವರ್ಷದ ಒಬ್ಬ ಸ್ಟಾರ್ಟರ್ (ಗೇಮ್ ಶುರುವಿನಿಂದ ಚೆಂಡ ಎಸಿಯೋ ಪಿಚರ್) ಕೊಡ್ತೀವಿ ಅನ್ನಾಕತ್ತಾರ. ಮಾರ್ಕೆಟ್ ಇನ್ನೂ ಇಳಿಯೋದ್ರಾಗ ಕೊಟ್ಟ ಬಿಡೋದು ಚಲೋ ಏನು? ತಿಳದವ್ರು ಹೇಳ್ರಿ.

ಕುಂದಾ_ಕರ್ವ್‌ಬಾಲ್ (ಬೆಳಗಾವಿ)

ಬರೇ ಸರಾಸರಿ ಹೇಳಿದ್ರ ಏನೂ ತಿಳಿಯೂದಿಲ್ಲ ನೋಡ್ರಿ. ಸ್ಟ್ರೈಕ್‌ಔಟ್ (ಮೂರ ಸ್ಟ್ರೈಕ್‌ಗೆ ಔಟ್) ಎಷ್ಟ, ವಾಕ್ (ನಾಕ ಕೆಟ್ಟ ಚೆಂಡಿಗೆ ಸಿಗೋ ಬೇಸ್) ಎಷ್ಟ, ಹೋಮ್ ರನ್ ಎಷ್ಟ, ಇಷ್ಟ ಹಾಕ್ರಿ ಮೊದಲ. ಮತ್ತೊಂದು, ಪೊಟೆನ್ಶಿಯಲ್ ಅನ್ನೂದು ಹುಡುಗನ ಹಣ್ಯಾಗ ಬರದ ನಂಬರ್ ಅಲ್ರಿ, ನಿಮ್ಮ ಸ್ಕೌಟ್‌ನ ಅಂದಾಜ ಅದು. ಸ್ಕೌಟಿಂಗ್ ಆನ್ ಇದ್ರ ನಿಮಗ ಕಾಣೋದೆಲ್ಲಾ ಅವನ ಕಣ್ಣಿಂದನ ಕಾಣೋದು. ಅದ ಪುಟದಾಗ ಓಎಸ್‌ಎ (ಗೇಮ್‌ನ ತಟಸ್ಥ ಸ್ಕೌಟಿಂಗ್ ಸಂಸ್ಥೆ) ರೇಟಿಂಗ್ ಬ್ಯಾರೆ ಸಿಗತೈತಿ, ಅದನ್ನೂ ತಗದ ನೋಡ್ರಿ, ಎರಡೂ ಒಂದ ಮಾತ ಹೇಳಿದ್ರ ಆವಾಗ ಚಿಂತಿ ಮಾಡ್ರಿ.

ಗುಮ್ಮಟ_ಶಾರ್ಟ್‌ಸ್ಟಾಪ್

ಓಎಸ್‌ಎ 55 ಅಂತೈತಿ ಅಣ್ಣಾ, ನಾ ಇಷ್ಟ ದಿನಾ ಅದನ್ನ ನೋಡೇ ಇರಲಿಲ್ಲ. ಅಂಕಿ ಸಂಖ್ಯೆ: 240 ಅಟ್ ಬ್ಯಾಟ್ (ವಾಕ್, ಸ್ಯಾಕ್ ಫ್ಲೈ ಬಿಟ್ಟ ಬ್ಯಾಟಿಂಗ್ ಸರದಿ), 53 ಹಿಟ್, ಅದರಾಗ 6 ಹೋಮ್ ರನ್, 44 ಸ್ಟ್ರೈಕ್‌ಔಟ್, 30 ವಾಕ್, 2 ಸ್ಯಾಕ್ ಫ್ಲೈ (ಕ್ಯಾಚ್ ಆದ್ರೂ ರನ್ ತಂದ ಹೊಡೆತ).

ಕುಂದಾ_ಕರ್ವ್‌ಬಾಲ್

ಈಗ ಮಾತಾಡಾಕ ಬರತೈತಿ. ಒಟ್ಟ 272 ಸಲ ಬ್ಯಾಟಿಗೆ ಬಂದಾನ, ಅದರಾಗ 44 ಸ್ಟ್ರೈಕ್‌ಔಟ್ ಅಂದ್ರ ಶೇಕಡಾ 16, ವಾಕ್ ಶೇಕಡಾ 11. ಇತ್ತೀಚಿನ ವರ್ಷದಾಗ ಮೇಜರ್ ಲೀಗ್‌ನ್ಯಾಗ ಸ್ಟ್ರೈಕ್‌ಔಟ್ ಶೇಕಡಾ 22ರ ಆಸುಪಾಸು ಇರತೈತಿ ಅನ್ನೂದು ನೆನಪಿಟ್ಕೋರಿ. ಚೆಂಡ ಕಾಣವಲ್ದು ಅನ್ನೋ ಹುಡುಗನ ಲಕ್ಷಣ ಅಲ್ಲ ಇದು. ಈಗ ಬಾಬಿಪ್ ತಗೀರಿ, ಅಂದ್ರ ಮೈದಾನದೊಳಗ ಬಿದ್ದ ಚೆಂಡಿನ್ಯಾಗ ಎಷ್ಟ ಹಿಟ್ ಆದ್ವು ಅಂತ: ಹಿಟ್‌ನ್ಯಾಗ ಹೋಮ್ ರನ್ ಕಳದ್ರ 47, ಅಟ್ ಬ್ಯಾಟ್‌ನ್ಯಾಗ ಸ್ಟ್ರೈಕ್‌ಔಟ್ ಹೋಮ್ ರನ್ ಎರಡೂ ಕಳದ ಸ್ಯಾಕ್ ಫ್ಲೈ ಕೂಡಿಸಿದ್ರ 192, ಭಾಗಿಸಿದ್ರ .245. ಸಾಮಾನ್ಯ ಲೆಕ್ಕ .300ರ ಹತ್ತಿರ ಇರತೈತಿ. ಅಷ್ಟ ಸಿಕ್ಕಿದ್ರ ಇವನ ಸರಾಸರಿ .265 ಆಗ್ತಿತ್ತು, ಅಂದ್ರ ನಿಮ್ಮ ತಲಿ ಕೆಡಿಸಿದ್ದು ಅರ್ಧಾ ಸೀಸನ್‌ನ್ಯಾಗ ಹತ್ತ-ಹನ್ನೊಂದ ಹಿಟ್ ಅಷ್ಟ. ಎಲ್ಲಾ ನಸೀಬಿನ ಆಟ ಅನ್ನೂದಿಲ್ಲ ನಾ, ಹೊಸಾ ಆವೃತ್ತಿಯೊಳಗ ಬಾಬಿಪ್‌ಗೂ ಒಂದ ರೇಟಿಂಗ್ ಐತಿ, ಅದು ಕಡಿಮಿ ಇದ್ರ .300 ಮುಟ್ಟೂದಿಲ್ಲ, ಆದ್ರ 240 ಅಟ್ ಬ್ಯಾಟ್ ಮ್ಯಾಲ ಯಾರ ಹಣೇಬಾರಾನೂ ಬರಿಯಾಕ ಬರೂದಿಲ್ಲ. ಖರೇ ಬೇಸ್‌ಬಾಲ್‌ನ್ಯಾಗ ಮೈಕ್ ಟ್ರೌಟ್ 2011ರಾಗ 19 ವರ್ಷದವ ಇದ್ದಾಗ ಮೇಲಕ್ಕ ಬಂದ, 40 ಗೇಮ್ ಆಡಿ .220 ಹೊಡದ. ಮುಂದಿನ ವರ್ಷ .326, 30 ಹೋಮ್ ರನ್, ರೂಕಿ ಆಫ್ ದ ಇಯರ್ (ವರ್ಷದ ಹೊಸ ಆಟಗಾರ ಪ್ರಶಸ್ತಿ).

ಘಟಪ್ರಭಾ_ದಂಡಿ (ಬಾಗಲಕೋಟೆ)

ಬೆಳಗಾವಿ ಅಣ್ಣಾರ ಲೆಕ್ಕ ಬರೋಬ್ಬರಿ ಐತಿ, ನಂದೊಂದ ಮಾತ ಸೇರಸ್ತೀನಿ, ವಯಸ್ಸಿಂದು. ನಮ್ಮಪ್ಪ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿಗೆ ಹೋರಿ ಹಿಡ್ಯಾಕ ಹೋದ್ರ ದಲಾಲಿ ಎಷ್ಟ ಹೊಗಳಿದ್ರೂ ಮೊದಲ ಬಾಯಿ ತಗದ ಹಲ್ಲ ನೋಡ್ತಿದ್ದ, ಆಮ್ಯಾಲ ನಾಕ ಹೆಜ್ಜಿ ನಡಸ್ತಿದ್ದ, ಕಡೀಕ ರೇಟ್ ಕೇಳ್ತಿದ್ದ. ಹಾಲಹಲ್ಲಿನ ಹೋರಿ ಸ್ವಲ್ಪ ತೆಳ್ಳಗ ಇದ್ರ ಬ್ಯಾಸರ ಮಾಡ್ಕೋತಿರಲಿಲ್ಲ, ವಯಸ್ಸಾದದ್ದು ತೆಳ್ಳಗ ಇದ್ರ ಮುಟ್ತಿರಲಿಲ್ಲ. ಹಂಗ ಡಬಲ್ ಎ ಅಂದ್ರ 23, 24ರ ಹುಡುಗೋರು ಆಡೋ ಜಾಗಾ, ನಿಮ್ಮಾವ 20ಕ್ಕ ಅವ್ರ ಮುಂದ ನಿಂತಾನ. ಅವ್ನು ಅಲ್ಲೇ ನಿಂತು ವಾಕ್ ತಗೋಳಾಕತ್ತಾನ ಅನ್ನೂದ ದೊಡ್ಡ ಸುದ್ದಿ.

ಮತ್ತ 50 ಅಂದ್ರ ಕೆಟ್ಟದ್ದು ಅಂತ ಯಾಕ ತಿಳ್ಕೊಂಡೀರಿ? 20ರಿಂದ 80ರ ಲೆಕ್ಕದಾಗ 50 ಅಂದ್ರ ಮೇಜರ್ ಲೀಗ್‌ನ ಸಾಧಾರಣ ಆಟಗಾರ. ಶಾರ್ಟ್‌ಸ್ಟಾಪ್ ಜಾಗಾದಾಗ ಚೆಂಡ ಹಿಡ್ಯಾಕ ಬರೋ 50ರ ಹುಡುಗ ಸಿಕ್ರ ಐದಾರ ವರ್ಷ ಆ ಜಾಗಾದ ಚಿಂತಿನ ಇಲ್ಲ. ಅದಕ್ಕ ಇನ್‌ಫೀಲ್ಡ್ ರೇಂಜ್ (ಎಷ್ಟ ದೂರದ ಚೆಂಡ ಮುಟ್ತಾನ), ಆರ್ಮ್ (ಎಸಿಯೋ ಜೋರ), ಎರರ್ (ಕೈತಪ್ಪು) ಈ ಮೂರೂ ತಗದ ನೋಡ್ರಿ, ರೇಂಜ್ ಸಾಲದಿದ್ರ ನಾಳೆ ಸೆಕೆಂಡ್ ಬೇಸ್‌ಗೆ ಸರಸಬೇಕಾಗತೈತಿ, ಆವಾಗ ಅದ ಬ್ಯಾಟಿಂಗ್‌ಗೆ ಕಿಮ್ಮತ್ತ ಕಡಿಮಿ. ವರ್ಕ್ ಎಥಿಕ್, ಇಂಟೆಲಿಜನ್ಸ್ ಎರಡೂ ಲೋ ಇದ್ರ ಮಾತ್ರ ನಾ ಮಾರಾಕ ವಿಚಾರ ಮಾಡ್ತಿದ್ದೆ.

ಲೋಂಡಾ_ಲೆಫ್ಟಿ (ಬೆಳಗಾವಿ)

ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಸೀಬ ಖರಾಬ್ ಇತ್ತು ಅಂದ್ರ ಸರಾಸರಿ ಯಾಕ ಇಳೀತು ಅಂತ ತಿಳೀತು, ಆದ್ರ ಪೊಟೆನ್ಶಿಯಲ್ ಯಾಕ ಇಳೀತು? ಈ ಗೇಮ್‌ನ್ಯಾಗ ಟ್ಯಾಲೆಂಟ್ ಚೇಂಜ್ ರ‍್ಯಾಂಡಮ್‌ನೆಸ್ ಅಂತ ಸೆಟ್ಟಿಂಗ್ ಐತಿ, ಮೂಲದಾಗ 100 ಇರತೈತಿ, ಅದರ ಸಲುವಾಗಿ ಹುಡುಗೋರ ಪೊಟೆನ್ಶಿಯಲ್ ಖರೇನ ಏರತೈತಿ ಇಳೀತೈತಿ, ಸ್ಕೌಟ್‌ನ ತಪ್ಪ ಅಷ್ಟ ಅಲ್ಲ. ನಾನೂ ಒಬ್ಬ ಪಿಚರ್‌ನ ಹಿಂಗ 60 ಅಂತ ನಂಬಿ ನಾಕ ವರ್ಷ ಇಟ್ಕೊಂಡೆ, ಮೂರನೇ ಪಿಚ್ ಬೆಳೀಲೇ ಇಲ್ಲ, ಸ್ಟ್ಯಾಮಿನಾನೂ ಕಡಿಮಿ, ಕಡೀಕ ಬುಲ್‌ಪೆನ್‌ಗೆ (ಗೇಮ್ ನಡುವ ಬರೋ ಪಿಚರ್‌ಗೋಳ ಗುಂಪು) ಹೋದ. ಹಂಗಂತ ಈ ಟ್ರೇಡ್ ಮಾಡ್ರಿ ಅನ್ನೂದಿಲ್ಲ, 31ರ ಪಿಚರ್‌ದು ಕಾಂಟ್ರ್ಯಾಕ್ಟ್ ಎಷ್ಟ ವರ್ಷ ಉಳದೈತಿ ಅಂತ ನೀವು ಹೇಳೇ ಇಲ್ಲ.

ಘಟಪ್ರಭಾ_ದಂಡಿ

ಲೆಫ್ಟಿ ಹೇಳಿದ್ದೂ ಖರೇ, ಪೊಟೆನ್ಶಿಯಲ್ ಇಳದದ್ದು ನಿಜಾನ ಇರಬಹುದು. ಆದ್ರ ಅವಸರ ಯಾತಕ್ಕ? 18ಕ್ಕ ಸೈನ್ ಮಾಡಿದ ಹುಡುಗನ್ನ ರೂಲ್ 5 ಡ್ರಾಫ್ಟ್‌ನಿಂದ (ಪಟ್ಟಿಯೊಳಗ ಇಲ್ಲದ ಹುಡುಗೋರನ್ನ ಬ್ಯಾರೆ ಟೀಮ್ ಆರಿಸಿ ಒಯ್ಯೋದು) ಉಳಿಸ್ಕೊಳ್ಳಾಕ 40 ಮಂದಿ ಪಟ್ಟಿಗೆ ಹಾಕೋದಕ್ಕ ಇನ್ನಾ ಎರಡ ವರ್ಷ ಐತಿ. ಪಿಚರ್ ಬೇಕ ಅಂದ್ರ ನಿಮ್ಮ ಟ್ರಿಪಲ್ ಎ ಟೀಮ್ ನೋಡ್ರಿ, 26, 27 ವರ್ಷದ ಯಾವನಾರ ಅಲ್ಲಿ .310 ಹೊಡ್ಯಾಕತ್ತಾನೇನು? ಇದ್ರ ಅವನ್ನ ಕೊಡ್ರಿ. ಅವನ ಅಂಕಿ ಈಗ ಚಲೋ ಕಾಣತೈತಿ ಹೊರತು ಅವ ಬೆಳಿಯೋದು ಮುಗದೈತಿ.

ಗುಮ್ಮಟ_ಶಾರ್ಟ್‌ಸ್ಟಾಪ್

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಪಿಚರ್‌ದು ಇನ್ನೂ ಮೂರ ವರ್ಷದ ಕಾಂಟ್ರ್ಯಾಕ್ಟ್ ಐತಿ, ಅದನ್ನ ನೋಡಿದ ಮ್ಯಾಲ ಆ ಟ್ರೇಡ್ ಬ್ಯಾಡ ಅಂದೆ. ಹುಡುಗನ ವರ್ಕ್ ಎಥಿಕ್ ಹೈ ಐತಿ, ಇಂಟೆಲಿಜನ್ಸ್ ನಾರ್ಮಲ್, ರೇಂಜ್ 60, ಆರ್ಮ್ 55, ಅಂದ್ರ ಶಾರ್ಟ್‌ಸ್ಟಾಪ್‌ನ್ಯಾಗ ನಿಲ್ತಾನ. ಟ್ರಿಪಲ್ ಎ ಒಳಗ ದಂಡಿ ಅಣ್ಣಾ ಹೇಳಿದಂಗ 27ರ ಒಬ್ಬ ಫಸ್ಟ್ ಬೇಸ್‌ಮನ್ ಇದ್ದ, ಅವನ್ನ ಕೊಟ್ಟ ಬ್ಯಾರೆ ಟೀಮ್‌ನಿಂದ ಈ ಸೀಸನ್‌ಗಷ್ಟ ಕಾಂಟ್ರ್ಯಾಕ್ಟ್ ಇರೋ ಪಿಚರ್‌ನ ಕೇಳೀನಿ, ಇನ್ನೂ ಉತ್ತರ ಬಂದಿಲ್ಲ. ಹುಡುಗನ್ನ ಡಬಲ್ ಎ ಒಳಗ ದಿನಾ ಎರಡನೇ ನಂಬರಿಗೆ ಆಡಸಾಕ ಹಚ್ಚೀನಿ, ಸೀಸನ್ ಮುಗದ ಮ್ಯಾಲ ಡೆವಲಪ್‌ಮೆಂಟ್ ಲ್ಯಾಬ್‌ಗೆ (ಗೇಮ್‌ನ ತರಬೇತಿ ವಿಭಾಗ) ಕಾಂಟ್ಯಾಕ್ಟ್ (ಚೆಂಡಿಗೆ ಬ್ಯಾಟ್ ತಾಗಸೋದು) ಸಲುವಾಗಿ ಕಳಸ್ತೀನಿ. ಸೆಪ್ಟೆಂಬರ್ ಆದ ಮ್ಯಾಲ ಅಂಕಿ ಇಲ್ಲೇ ಹಾಕ್ತೀನಿ.