‘ಟರ್ನ್ ಆಫ್ ಇಟ್’ ಯಾಕೆ ತಪ್ಪು? ಗೊತ್ತಿದ್ದವರು ನಿಮ್ಮ ಅನುಭವ ಹೇಳಿ

ಕೇಳಿದವರು: ನಿಟ್ಟುವಳ್ಳಿಯ ಒಬ್ಬ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕನ್ನಡ ಮೀಡಿಯಂ. ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಎಂಟನೇ ಕ್ಲಾಸು. ರಾತ್ರಿ ಊಟ ಆದಮೇಲೆ ಅವಳ ಜೊತೆ ಕೂತು ನಾನೂ ಇಂಗ್ಲಿಷ್ ಕಲಿಯುತ್ತಿದ್ದೇನೆ. ಮೊನ್ನೆ ಅವಳು ನೋಟ್ಸಿನಲ್ಲಿ ‘ಟರ್ನ್ ಆಫ್ ಇಟ್’ ಅಂತ ಬರೆದಿದ್ದಳು. ಕೆಂಪು ಇಂಕಿನಲ್ಲಿ ಸುತ್ತು ಹಾಕಿ ‘ಟರ್ನ್ ಇಟ್ ಆಫ್’ ಅಂತ ತಿದ್ದಿದ್ದಾರೆ. ಅದರ ಕೆಳಗೇ ‘ಟರ್ನ್ ಆಫ್ ದ ಫ್ಯಾನ್’ ಇದೆ, ಅದಕ್ಕೆ ರೈಟ್ ಹಾಕಿದ್ದಾರೆ. ಸರಿ, ಪ್ರೊನೌನ್ ಮಧ್ಯೆ ಬರಬೇಕೇನೋ ಅಂದುಕೊಂಡು ಅವಳು ಮುಂದಿನದ್ದನ್ನು ‘ಲುಕ್ ಹಿಮ್ ಆಫ್ಟರ್’ ಅಂತ ಬರೆದಳು. ಅದೂ ತಪ್ಪು! ‘ಲುಕ್ ಆಫ್ಟರ್ ಹಿಮ್’ ಅಂತೆ. ‘ಯಾಕಮ್ಮ ಹೀಗೆ?’ ಅಂದಳು. ಸುಮ್ನೆ ಬಾಯಿಪಾಠ ಮಾಡು ಅನ್ನೋಕೆ ನನಗೆ ಮನಸ್ಸಿಲ್ಲ. ಇದನ್ನು ಅರ್ಥ ಮಾಡಿಕೊಂಡು ಕಲಿತವರು ಇದ್ದರೆ ಹೇಳಿ.

ವಿನೋಬನಗರದ ಎಲೆಕ್ಟ್ರಿಷಿಯನ್

ಅಕ್ಕಾ, ನನಗೆ ಗ್ರಾಮರ್ ಗೊತ್ತಿಲ್ಲ. ಆದರೆ ಇದೊಂದು ನನಗೆ ಕೆಲಸ ಮಾಡುತ್ತಲೇ ಬಂತು. ಬೇರೆ ರಾಜ್ಯದಿಂದ ಓದೋಕೆ ಬಂದ ಹುಡುಗರ ಬಾಡಿಗೆ ಮನೆಗಳಿಗೆ ವೈರಿಂಗ್ ಕೆಲಸಕ್ಕೆ ಹೋಗುತ್ತೇನೆ. ಅವರ ಹತ್ತಿರ ಇಂಗ್ಲಿಷೇ ಆಡಬೇಕು. ನಾವು ಮನೆಯಲ್ಲಿ ಏನಂತೀವಿ? ‘ಅದನ್ನ ಆಫ್ ಮಾಡು.’ ‘ಆಫ್ ಅದನ್ನ ಮಾಡು’ ಅಂತ ಯಾರೂ ಅನ್ನಲ್ಲ. ‘ಅದನ್ನ ಆಫ್’ ಅಂದರೆ ‘ಇಟ್ ಆಫ್’. ಮುಂದೆ ಒಂದು ‘ಟರ್ನ್’ ಸೇರಿಸಿದರೆ ಆಯ್ತು. ‘ಅದನ್ನ ಆನ್ ಮಾಡು’, ‘ಟರ್ನ್ ಇಟ್ ಆನ್’. ನಾನು ಇವತ್ತಿಗೂ ಹೀಗೇ ನೆನಪಿಟ್ಟುಕೊಳ್ಳುವುದು. ಮಗಳಿಗೆ ಹೇಳಿ ನೋಡಿ.

ಚಿತ್ರದುರ್ಗದ ಹೈಸ್ಕೂಲ್ ಇಂಗ್ಲಿಷ್ ಟೀಚರ್

ಮೇಡಂ, ಮೇಲಿನವರು ಹೇಳಿದ್ದು ಬಹಳ ಚೆನ್ನಾಗಿದೆ. ನಾನೂ ನಾಳೆಯಿಂದ ಕ್ಲಾಸಿನಲ್ಲಿ ಹೇಳುತ್ತೇನೆ. ಆದರೆ ನಿಮ್ಮ ಮಗಳು ‘ಯಾಕೆ’ ಅಂತ ಕೇಳಿದ್ದಾಳಲ್ವಾ, ಅದಕ್ಕೆ ನಿಜವಾದ ಉತ್ತರ ಇದೆ.

ಕನ್ನಡದಿಂದಲೇ ಶುರು ಮಾಡೋಣ. ಉ, ಅನ್ನು, ಇಂದ, ಗೆ ಅಂತ ನಾವೆಲ್ಲ ರಾಗವಾಗಿ ಹೇಳಿ ಕಲಿತದ್ದು ನೆನಪಿದೆಯಾ? ‘ಮಗಳು ಅಮ್ಮನನ್ನು ಕರೆದಳು’ ಅನ್ನಿ, ‘ಅಮ್ಮನನ್ನು ಮಗಳು ಕರೆದಳು’ ಅನ್ನಿ, ಕರೆದವಳು ಮಗಳೇ. ಆ ‘ಅನ್ನು’ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ಇಂಥ ಪ್ರತ್ಯಯಗಳಿದ್ದವು. ಕಾಲ ಕಳೆದಂತೆ ಸವೆದು ಹೋದವು. ಆ ಹಳೆಯ ಗುರುತು ಚೆನ್ನಾಗಿ ಉಳಿದಿರುವುದು ಪ್ರೊನೌನ್‌ಗಳಲ್ಲಿ: ಐ–ಮಿ, ಹಿ–ಹಿಮ್, ದೇ–ದೆಮ್. ಹಾಗಾಗಿ ಇಂಗ್ಲಿಷಿನಲ್ಲಿ ಯಾವ ಪದ ಎಲ್ಲಿ ಕೂತಿದೆ ಅನ್ನೋದೇ ಮುಖ್ಯ. ‘ದ ಡಾಟರ್ ಕಾಲ್ಡ್ ದ ಮದರ್’ ಅನ್ನುವುದರಲ್ಲಿ ಜಾಗ ಬದಲಿಸಿದರೆ ಅಮ್ಮನೇ ಮಗಳನ್ನು ಕರೆದ ಹಾಗಾಗುತ್ತದೆ.

ಈಗ ಫ್ಯಾನಿಗೆ ಬರೋಣ. ಇಂಗ್ಲಿಷ್ ವಾಕ್ಯದ ಕೊನೆ ತೂಕದ ಜಾಗ. ಹೊಸ ವಿಷಯ, ಉದ್ದದ ಮಾತು ಅಲ್ಲಿಗೆ ಹೋಗುತ್ತದೆ. ‘ಫ್ಯಾನ್’ ಅನ್ನೋದಕ್ಕೆ ತೂಕ ಇದೆ, ಅದಕ್ಕೇ ‘ಟರ್ನ್ ಆಫ್ ದ ಫ್ಯಾನ್’ ಸರಿ. ‘ಟರ್ನ್ ದ ಫ್ಯಾನ್ ಆಫ್’ ಅಂದರೂ ಸರಿಯೇ. ಆದರೆ ‘ಹಿಂದಿನ ರೂಮಿನಲ್ಲಿರುವ ಆ ಹಳೇ ಫ್ಯಾನ್’ ಅಂತ ಉದ್ದವಾದರೆ ಅದು ಕೊನೆಗೇ ಚೆಂದ. ‘ಇಟ್’ ಮಾತ್ರ ತೀರಾ ಹಗುರ. ಯಾವುದು ಅಂತ ಇಬ್ಬರಿಗೂ ಆಗಲೇ ಗೊತ್ತಿದೆ. ಅದನ್ನು ಕೊನೆಯಲ್ಲಿ ನಿಲ್ಲಿಸಿದರೆ ನಿಲ್ಲುವುದಿಲ್ಲ. ಅದು ವರ್ಬಿಗೆ ಅಂಟಿಕೊಳ್ಳುತ್ತದೆ, ತೂಕ ‘ಆಫ್’ ಮೇಲೆ ಬೀಳುತ್ತದೆ. ಬಾಯಿಬಿಟ್ಟು ಹೇಳಿ ನೋಡಿ: ‘ಟರ್ನಿಟ್ ಆಫ್.’ ಒತ್ತು ಎಲ್ಲಿ ಬಂತು? ‘ಆಫ್’ ಮೇಲೆ.

ಇನ್ನು ‘ಲುಕ್ ಆಫ್ಟರ್ ಹಿಮ್’. ‘ಟರ್ನ್ ಆಫ್’ನಲ್ಲಿ ‘ಆಫ್’ ಅಡ್ವರ್ಬ್. ಅದು ವರ್ಬಿನ ಕಡೆಯದು. ‘ಲುಕ್ ಆಫ್ಟರ್’ನಲ್ಲಿ ‘ಆಫ್ಟರ್’ ಪ್ರಿಪೊಸಿಷನ್. ಅದು ಮುಂದೆ ಬರುವ ಹೆಸರಿನ ಕಡೆಯದು, ನಮ್ಮ ‘ಗೆ’, ‘ಅಲ್ಲಿ’ ಇದ್ದ ಹಾಗೆ. ನಮ್ಮಲ್ಲಿ ಹೆಸರಿನ ಹಿಂದೆ ಅಂಟುತ್ತದೆ, ಅವರಲ್ಲಿ ಹೆಸರಿಗಿಂತ ಮೊದಲು ಬರುತ್ತದೆ, ಅಷ್ಟೇ. ‘ಅವನಿಗೆ’ ಅನ್ನುವುದನ್ನು ಒಡೆದು ‘ಗೆ’ಯನ್ನು ಬೇರೆ ಕಡೆ ಇಡೋಕೆ ಆಗುತ್ತಾ? ಹಾಗೇ ‘ಆಫ್ಟರ್ ಹಿಮ್’ ಕೂಡ.

ಯಾವುದು ಯಾವ ಕಡೆಯದು ಅಂತ ತಿಳಿಯೋದು ಹೇಗೆ? ಕೆಲವಕ್ಕೆ ಯೋಚನೆಯೇ ಬೇಡ. ‘ಅವೇ’, ‘ಬ್ಯಾಕ್’ ಬಂದರೆ ಪ್ರೊನೌನ್ ಅದಕ್ಕಿಂತ ಮೊದಲು: ‘ಥ್ರೋ ಇಟ್ ಅವೇ’, ‘ಗಿವ್ ಇಟ್ ಬ್ಯಾಕ್’. ‘ಅಟ್’, ‘ಫಾರ್’, ‘ಇನ್‌ಟು’, ‘ವಿತ್’ ಬಂದರೆ ಪ್ರೊನೌನ್ ಅದರ ನಂತರ: ‘ಲುಕ್ ಅಟ್ ಇಟ್’, ‘ವೇಟ್ ಫಾರ್ ಮಿ’. ತೊಂದರೆ ಕೊಡೋದು ‘ಆನ್’, ‘ಆಫ್’ ಥರದವು. ಅಂಗಿ ಹಾಕಿಕೊಳ್ಳೋದಾದರೆ ‘ಪುಟ್ ಇಟ್ ಆನ್’. ಅವನನ್ನು ನಂಬಿಕೊಳ್ಳೋದಾದರೆ ‘ಡಿಪೆಂಡ್ ಆನ್ ಹಿಮ್’. ಅಂಗಿ ಬಿಚ್ಚೋದಾದರೆ ‘ಟೇಕ್ ಇಟ್ ಆಫ್’, ಬಸ್ಸಿನಿಂದ ಇಳಿಯೋದಾದರೆ ‘ಗೆಟ್ ಆಫ್ ಇಟ್’.

ಇಲ್ಲಿ ಕಿವಿ ಸಹಾಯ ಮಾಡುತ್ತದೆ. ‘ಪುಟ್ ಇಟ್ ಆನ್’ ಅಂದಾಗ ಒತ್ತು ‘ಆನ್’ ಮೇಲೆ, ‘ಡಿಪೆಂಡ್ ಆನ್ ಹಿಮ್’ ಅಂದಾಗ ‘ಪೆಂಡ್’ ಮೇಲೆ. ‘ಆಫ್ಟರ್’ ಎರಡು ಅಕ್ಷರದ್ದಾದ್ದರಿಂದ ಅದರಲ್ಲಿ ಕಿವಿ ಮೋಸ ಹೋಗಬಹುದು. ಅದೊಂದನ್ನು ನೆನಪಿಟ್ಟುಕೊಳ್ಳಲೇಬೇಕು.

ಹರಿಹರದಿಂದ, ದಿನಾ ದಾವಣಗೆರೆಗೆ ಓಡಾಡುವವನು

ಟೀಚರ್ ಹೇಳಿದ ಹಗುರ–ಭಾರ ಓದಿದ ಮೇಲೆ ನನ್ನ ಹಳೇ ಗೊಂದಲವೂ ಬಿಡಿಸಿತು. ಬಸ್ ಸ್ಟ್ಯಾಂಡಿನಲ್ಲಿ ನಾನು, ನನ್ನ ಸ್ನೇಹಿತ ಇಂಗ್ಲಿಷ್ ಪ್ರಾಕ್ಟೀಸ್ ಮಾಡುತ್ತಿದ್ದೆವು. ದೂರದಲ್ಲಿ ಬಸ್ ಕಂಡರೆ ‘ಹಿಯರ್ ಕಮ್ಸ್ ದ ಬಸ್’. ಆದರೆ ‘ಹಿಯರ್ ಕಮ್ಸ್ ಇಟ್’ ಅಂದರೆ ಅವನು ತಿದ್ದುತ್ತಿದ್ದ, ‘ಹಿಯರ್ ಇಟ್ ಕಮ್ಸ್’ ಅನ್ನು ಅಂತ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಬಸ್ ಭಾರ, ಕೊನೆಗೆ ಹೋಯಿತು. ‘ಇಟ್’ ಹಗುರ, ಮಧ್ಯಕ್ಕೆ ಬಂತು. ಎರಡೂ ಒಂದೇ ಲೆಕ್ಕ ಅಲ್ವಾ?

ಟೀಚರ್

ಹೌದು, ಒಂದೇ ಲೆಕ್ಕ. ‘ದೇರ್ ಗೋಸ್ ದ ಬೆಲ್’, ‘ದೇರ್ ಇಟ್ ಗೋಸ್’ ಕೂಡ ಹಾಗೇ.

ಕೇಳಿದವರು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೊಂದೇ ಒಂದು ಕೇಳಿಬಿಡುತ್ತೇನೆ. ‘ಐ ಲೈಕ್ ವೆರಿ ಮಚ್ ಬೆಣ್ಣೆ ದೋಸೆ’ ಅಂತ ಬರೆದದ್ದನ್ನೂ ತಿದ್ದಿದ್ದಾರೆ. ಇಲ್ಲಿ ದೋಸೆ ಭಾರದ್ದಲ್ವಾ? ಕೊನೆಗೆ ಹೋಗಬಾರದಾ?

ಟೀಚರ್

ಒಳ್ಳೇ ಪ್ರಶ್ನೆ. ವರ್ಬ್ ಮತ್ತು ಅದರ ಆಬ್ಜೆಕ್ಟ್ ಪಕ್ಕಪಕ್ಕ ಇರಬೇಕು. ‘ಆಫ್’ ಥರದ ಚಿಕ್ಕವು ಮಧ್ಯೆ ನುಗ್ಗಬಹುದು, ಯಾಕೆಂದರೆ ಅವು ವರ್ಬಿನ ತುಂಡೇ. ‘ವೆರಿ ಮಚ್’, ‘ಕ್ವಿಕ್ಲಿ’ ಥರದವು ಹೊರಗೆ ನಿಲ್ಲಬೇಕು: ‘ಐ ಲೈಕ್ ಬೆಣ್ಣೆ ದೋಸೆ ವೆರಿ ಮಚ್.’ ‘ಆಲ್ವೇಸ್’ ಮಾತ್ರ ವರ್ಬಿಗಿಂತ ಮೊದಲು: ‘ಹಿ ಆಲ್ವೇಸ್ ಕಮ್ಸ್ ಲೇಟ್.’ ‘ಈಸ್’ ಇದ್ದರೆ ಅದರ ನಂತರ: ‘ಹಿ ಈಸ್ ಆಲ್ವೇಸ್ ಲೇಟ್.’

ಕೇಳಿದವರು, ಮಾರನೇ ದಿನ

ನಿನ್ನೆ ರಾತ್ರಿ ಇಬ್ಬರೂ ಕೂತು ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಹೇಳಿ ನೋಡಿದೆವು. ನೋಟ್ಸಿನ ಕೊನೇ ಪುಟದಲ್ಲಿ ಒಂದು ಕಡೆ ‘ಅವೇ, ಬ್ಯಾಕ್’, ಇನ್ನೊಂದು ಕಡೆ ‘ಅಟ್, ಫಾರ್, ಇನ್‌ಟು, ವಿತ್’ ಅಂತ ಬರೆದುಕೊಂಡಿದ್ದಾಳೆ. ಪಾಠದಲ್ಲಿ ‘ಪುಟ್ ಅಪ್ ವಿತ್’ ಅಂತ ಹೊಸದೊಂದು ಬಂತು, ಅಂದರೆ ಸಹಿಸಿಕೊಳ್ಳುವುದು. ‘ಇಟ್’ ಎಲ್ಲಿ ಇಡಬೇಕು ಅಂತ ನಾನು ಯೋಚಿಸುತ್ತಿದ್ದೆ. ಅವಳು ಕೊನೇ ಪುಟ ತಿರುಗಿಸಿ ನೋಡಿ, ‘ವಿತ್ ಇದೆ ಅಮ್ಮ, ಇಟ್ ಅದರ ನಂತರ’ ಅಂದಳು. ‘ಪುಟ್ ಅಪ್ ವಿತ್ ಇಟ್.’ ಸರಿ ಇದೆ ತಾನೇ ಮೇಡಂ?

ಟೀಚರ್

ಸರಿ ಇದೆ.