ಹೆಮಿಂಗ್ವೇ ಆ ಹುಡುಗನಿಗೆ ಬರೆದದ್ದು ಸುಳ್ಳಾ?

ಕಾಗದದ ದೋಣಿ:
ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1961ರ ಜೂನ್ 15ರಂದು ಕೈಯಲ್ಲಿ ಬರೆದ ಕಾಗದ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದದ್ದು ತನ್ನ ಡಾಕ್ಟರ ಒಂಬತ್ತು ವರ್ಷದ ಮಗನಿಗೆ. ಹುಡುಗನಿಗೆ ಹೃದಯದ ಕಾಯಿಲೆ, ಡೆನ್ವರ್‌ನಲ್ಲಿ ಮಲಗಿದ್ದ. ಹೆಮಿಂಗ್ವೇಯೂ ಮಿನ್ನೆಸೋಟಾದ ರಾಚೆಸ್ಟರ್‌ನಲ್ಲಿ ಆಸ್ಪತ್ರೆ ಸೇರಿದ್ದ. ಕಾಗದದ ತುಂಬ ಮಿಸ್ಸಿಸ್ಸಿಪ್ಪಿ ನದಿ, ನೀರಿಂದ ಎಗರುವ ಮೀನು, ಬಾತುಕೋಳಿ. ಆರಾಮಾಗಿದ್ದೇನೆ, ಖುಷಿಯಾಗಿದ್ದೇನೆ ಅಂತಲೂ ಇದೆ. ಹದಿನೇಳು ದಿನಕ್ಕೆ, ಜುಲೈ 2ರಂದು, ಜೀವ ಕಳೆದುಕೊಂಡ. ತಾನಾಗಿಯೇ. ಹಾಗಾದರೆ ಆ ಮಗುವಿಗೆ ಹೇಳಿದ್ದೆಲ್ಲ ಸುಳ್ಳಾ?

ಸಂಜೆ ಓದು:
ಆಗಿನ ಅವನ ಸ್ಥಿತಿ ನೋಡಿ. ಖಿನ್ನತೆಗೆ ಅಂತ ಎರಡನೇ ಸಲ ಸೇರಿಸಿದ್ದರು. ತಲೆಗೆ ಕರೆಂಟ್ ಕೊಡುವ ಚಿಕಿತ್ಸೆಯೂ ಆಗಿತ್ತು. ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿಗೆ ಕೊಡುವ ಪುಸ್ತಕಕ್ಕೆ ನಾಲ್ಕು ಸಾಲು ಕೇಳಿದ್ದರು. 1954ರಲ್ಲಿ ನೊಬೆಲ್ ಪಡೆದವನಿಗೆ ಎಷ್ಟು ಕೂತರೂ ಆ ನಾಲ್ಕು ಸಾಲು ಬರಲಿಲ್ಲ, ಅತ್ತುಬಿಟ್ಟ. ಅಂಥವನು ಹುಡುಗನಿಗಾಗಿ ಇಷ್ಟು ಬರೆದನಲ್ಲ!

ಹಿತ್ತಲ ಗಿಡ:
ನಮ್ಮಪ್ಪ ಕೊನೆಯ ಎರಡು ವರ್ಷ ಮಂಕಾಗಿಬಿಟ್ಟಿದ್ದರು. ಮನೆಯಲ್ಲಿ ಮಾತೇ ಇಲ್ಲ. ಸುಮ್ನೆ ಗೋಡೆ ನೋಡುತ್ತ ಕೂರುತ್ತಿದ್ದರು. ನಾನು ಹಾಸ್ಟೆಲಿನಲ್ಲಿದ್ದೆ, ಏನೂ ಗೊತ್ತಿರಲಿಲ್ಲ. ಅವರ ಇನ್‌ಲ್ಯಾಂಡ್ ಲೆಟರ್ ಯಾವಾಗಲೂ 'ಇಲ್ಲಿ ನಾವೆಲ್ಲ ಕ್ಷೇಮ' ಅಂತಲೇ ಶುರು. ಆಮೇಲೆ ಮಾವು ಹೂ ಬಿಟ್ಟಿದೆ, ಹಸು ಕರು ಹಾಕಿದೆ, ಕರುವಿನ ಹಣೆಯಲ್ಲಿ ಬಿಳಿ ಚುಕ್ಕೆ ಇದೆ. ಅವರು ಹೋದ ಮೇಲೆ ಅಮ್ಮ ಹೇಳಿದರು: ನನಗೆ ಕಾಗದ ಬರೆಯುವ ದಿನ ಮಾತ್ರ ಎದ್ದು ಹಿತ್ತಲಿಗೆ ಹೋಗಿ ಎಲ್ಲ ನೋಡಿಕೊಂಡು ಬರುತ್ತಿದ್ದರಂತೆ. ಕ್ಷೇಮ ಅನ್ನೋದು ನಿಜವಲ್ಲ, ಒಪ್ಪುತ್ತೇನೆ. ಆದರೆ ಮಾವು ನಿಜ, ಕರು ನಿಜ. ಹೆಮಿಂಗ್ವೇ ನೋಡಿದ ಮೀನೂ ನಿಜವೇ ಅಲ್ವಾ?

ಕಾಗದದ ದೋಣಿ:
ಈಗ ಇನ್ನೊಮ್ಮೆ ಓದಿದೆ. ಅವರಿಬ್ಬರ ಊರಿರುವ ಇಡಾಹೊ ರಾಜ್ಯದಷ್ಟು ಹಕ್ಕಿ ಇಲ್ಲಿಲ್ಲ, ಇಬ್ಬರೂ ಬೇಗ ಊರಿಗೆ ಹೋಗಿ ಆಸ್ಪತ್ರೆಯ ಕಥೆ ಹೇಳಿಕೊಂಡು ನಗೋಣ ಅಂತಿದೆ. ಕೊನೆಗೆ, ನಿನ್ನನ್ನು ತುಂಬಾ ನೆನೆಯುವ ಗೆಳೆಯ ಅಂತ ಸಹಿ. ಮೊದಲ ಸಲ ಓದುವಾಗ ಜುಲೈ 2 ತಲೆಯಲ್ಲಿತ್ತು, ಇದನ್ನು ನೋಡಲೇ ಇಲ್ಲ. ನಿಮ್ಮ ತಂದೆಯ ಕಾಗದಗಳು ಇನ್ನೂ ಇವೆಯಾ?

ಹಿತ್ತಲ ಗಿಡ:
ಇವೆ, ಹನ್ನೊಂದು. ಮಡಿಕೆಯಲ್ಲಿ ಹರಿದಿವೆ. ಜಾಗ ಸಾಲದೆ ಅಂಟು ಹಚ್ಚುವ ಅಂಚಿನಲ್ಲೂ ಬರೆದಿದ್ದಾರೆ.